ಮಂಗಳ ಆಗುವತನಕ

ಚೊಳಚಗುಡ್ಡ
ಸೋಮವಾರ, 7 ಏಪ್ರಿಲ್ 2025

ಹರದೇಶಿ ಬೀರೇಶನಿಗೆ ನಾಗೇಶಿ ಅಂಜನಾಳ ಶರಣು.

ಕಾಗದ ಬರೆದರೆ ಮೊದಲು ನಾವೆಲ್ಲ ಇಲ್ಲಿ ಕ್ಷೇಮ ಅಂತ ಬರೆಯಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ನಾವೆಲ್ಲ ಅಂದರೆ ಈ ಮನೆಯಲ್ಲಿ ಈಗ ನಾನು, ಅವ್ವನ ತಂಗಿ ಗುರುಲಿಂಗವ್ವ ಚಿಗವ್ವ, ಅವ್ವ ಸಾಕಿದ್ದ ಆಡು ಮತ್ತು ಅದರ ಮರಿ. ಆಡು ಕ್ಷೇಮ, ಮರಿಯೂ ಕ್ಷೇಮ. ಚಿಗವ್ವನಿಗೆ ಮೊಣಕಾಲು ನೋವು. ನನ್ನದು ಓದುತ್ತ ಹೋದ ಹಾಗೆ ನಿನಗೇ ತಿಳಿಯುತ್ತದೆ.

ನಿನ್ನನ್ನು ನೀನು ಅನ್ನುತ್ತಿದ್ದೇನೆ. ಮನೆಯಲ್ಲಿ ನಾನು ಯಾವತ್ತೂ ನಿನ್ನ ಹೆಸರು ಹಿಡಿದು ಕರೆದವಳಲ್ಲ, ರೀ ಬಿಟ್ಟು ಮಾತಾಡಿದವಳಲ್ಲ. ಡೊಳ್ಳಿನ ಪದಕ್ಕೆ ಎದುರಾಬದುರಾ ನಿಂತಾಗ ಮಾತ್ರ ನೀನು ನನಗೆ ಲೇ ಹರದೇಶಿ. ಪದ ಶುರುವಾದ ಮೇಲೆ ಮಂಗಳ ಹಾಡುವತನಕ ಎದುರಿಗೆ ನಿಂತವನು ಗಂಡನೂ ಅಲ್ಲ, ನೆಂಟನೂ ಅಲ್ಲ, ಎದುರು ಪಕ್ಷ ಅಷ್ಟೇ ಅಂತ ನಮಗಿಬ್ಬರಿಗೂ ಹೇಳಿಕೊಟ್ಟವಳು ನಮ್ಮವ್ವ. ನಮ್ಮ ಮಂಗಳ ಇನ್ನೂ ಆಗಿಲ್ಲ. ಹಾಗಾಗಿ ನೀನು ಇನ್ನೂ ಹರದೇಶಿಯೇ, ನಾನು ನಾಗೇಶಿಯೇ. ತಪ್ಪು ತಿಳಿಯಬೇಡ.

ಫೋನ್ ಇಟ್ಟುಕೊಳ್ಳುವುದನ್ನು ಬಿಟ್ಟಿದ್ದೇನೆ. ಚಿಗವ್ವನ ಫೋನ್ ಗುಣುಗುಟ್ಟಿದರೂ ಎದ್ದು ಅಂಗಳಕ್ಕೆ ಹೋಗಿಬಿಡುತ್ತೇನೆ. ಅದಕ್ಕೇ ಈ ಕಾಗದ. ನಮ್ಮ ಗಿಟಾರಿನ ಅರ್ಷದನ ಕೈಯಲ್ಲಿ ಕೊಟ್ಟು ನೀನಿರುವ ನವನಗರಕ್ಕೆ ಕಳಿಸುತ್ತೇನೆ.

ಅರ್ಷದ ಬೆಳಿಗ್ಗೆ ಬಂದ. ಇಳಕಲ್ಲಿನಿಂದ ಬರುವಾಗ ಅಮೀನಗಡದಲ್ಲಿ ಕಾರು ನಿಲ್ಲಿಸಿ ಕರದಂಟು ಕಟ್ಟಿಸಿಕೊಂಡು ಬಂದಿದ್ದಾನೆ. ಸಾವಾದ ಮನೆಗೆ ಯಾರಾದರೂ ಸಿಹಿ ತರುತ್ತಾರೇನು ಅಂತ ಚಿಗವ್ವ ಒಳಗೆ ಗೊಣಗಿದಳು. ಅರ್ಧ ದಾರಿಗೆ ಬಂದ ಮೇಲೆ ಅವನಿಗೂ ಅದು ಹೊಳೆಯಿತಂತೆ, ಎಸೆಯಲು ಮನಸ್ಸಾಗದೆ ತಂದೆ ಅಂದ. ಈಗ ಅಂಗಳದಲ್ಲಿ ಬೇವಿನ ಮರದ ಕೆಳಗೆ ಕೂತಿದ್ದಾನೆ. ಪ್ಯಾರಿಸ್ಸಿನಲ್ಲಿ ಕೊಂಡ ಆ ಕರಿ ಬೂಟು ಹಾಕಿಕೊಂಡಿದ್ದಾನೆ. ಮರಿ ಅದರ ದಾರ ಅಗಿಯುತ್ತಿದೆ, ಅವನು ಬೇಡ ಅನ್ನುತ್ತಿಲ್ಲ.

ಅವನು ತಂದ ಸುದ್ದಿ ನೀನೇ ಕಳಿಸಿದ್ದು, ಆದರೂ ನನ್ನ ಕಿವಿಗೆ ಅದು ಹೇಗೆ ಕೇಳಿಸಿತು ಅಂತ ಬರೆಯುತ್ತೇನೆ. ಟೊರೊಂಟೊದವರು ನಮ್ಮ ಟೂರಿನ ನಿಂತುಹೋದ ಕಡೆಯ ಕಾರ್ಯಕ್ರಮವನ್ನು ಜೂನಿನಲ್ಲಿ ಮಾಡಿಸಲು ತಯಾರಾಗಿದ್ದಾರಂತೆ. ಲಂಡನ್ನಿನಲ್ಲಿ ನಾನು ಹಾಕಿದ ಸವಾಲಿನ ವಿಡಿಯೊ ಕೆಳಗೆ ಇಂಗ್ಲಿಷ್ ಅಕ್ಷರ ಹಾಕಿಸಿಕೊಂಡು ದೇಶದೇಶ ತಿರುಗುತ್ತಿದೆಯಂತೆ. ಉತ್ತರ ಏನಿರಬಹುದು ಅಂತ ಗುರುತು ಪರಿಚಯ ಇಲ್ಲದ ಜನ ಊಹೆ ಬರೆಯುತ್ತಿದ್ದಾರಂತೆ. ಆ ಉತ್ತರವನ್ನು ನೀನು ಟೊರೊಂಟೊದ ಸ್ಟೇಜಿನ ಮೇಲೆ ಹಾಡಿ ಹೇಳುತ್ತೀಯಂತೆ, ಆಮೇಲೆ ಇಬ್ಬರೂ ಕೂಡಿ ಮಂಗಳ ಹಾಡಬೇಕಂತೆ. ಅಕ್ಕಾ, ಅಂವಾ ಯಾರ ಮುಂದನೂ ಬಾಯಿ ಬಿಡವಲ್ಲ, ನನ್ನ ಮುಂದನೂ ಇಲ್ಲ, ಮಂಗಳದ ದಿನಾನ ಹೇಳ್ತೇನಿ ಅಂತಾನ, ನೀ ಒಮ್ಮೆ ಬಂದ್ರ ಎಲ್ಲಾ ಮುಗೀತೈತಿ ಅಂದ ಅರ್ಷದ. ಅವನ ಕಣ್ಣು ಒದ್ದೆಯಾಗಿದ್ದವು. ಅವನ ಮೇಲೆ ನನಗೆ ಸಿಟ್ಟಿಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅವನು ಬೆಕ್ಕೂ ಅಲ್ಲ ಇಲಿಯೂ ಅಲ್ಲ, ಪಾಪ.

ಇಳಕಲ್ಲಿನಲ್ಲಿ ಬಸುವಿನ ಅಪ್ಪ ಶಿವಲಿಂಗಪ್ಪ ಕಾಕಾನ ಪವರ್‌ಲೂಮಿನ ಮಹಡಿಯ ಮೇಲೆ ನಾವು ಮೊದಲ ಸಲ ಕೂಡಿದ್ದು ನೆನಪಿದೆಯೇನು? ಕೆಳಗೆ ಮಗ್ಗಗಳು ಖಟಾಖಟ್ ಅನ್ನುವಾಗ ಮೇಲೆ ನಾವು ಎಷ್ಟು ಗದ್ದಲ ಹಾಕಿದರೂ ಕೇಳುವವರಿರಲಿಲ್ಲ. ಅರ್ಷದ ಗಿಟಾರ್, ಬಸು ಡ್ರಮ್ಸ್, ನೀನು ಡೊಳ್ಳು. ಹಾಡಲಿಕ್ಕೆ ನಾವಿಬ್ಬರು. ಬ್ಯಾಂಡಿಗೆ ಭಂಡಾರ ಅಂತ ಹೆಸರಿಟ್ಟವನು ನೀನೇ. ಬೀರಪ್ಪ ದೇವರ ಅರಿಷಿಣ ಹಣೆಗಿಲ್ಲದೆ ಡೊಳ್ಳು ಮುಟ್ಟುವುದಿಲ್ಲ ಅಂತ ಹಟ ಹಿಡಿದೆ, ಕಡೆಗೆ ಎಲ್ಲರೂ ಹಚ್ಚಿಕೊಂಡರು. ಅವ್ವ ಕೇಳಲು ಬಂದ ದಿನ ಎರಡೂ ಕಿವಿಗೆ ಬೆರಳು ಇಟ್ಟುಕೊಂಡು ಪೂರ್ತಿ ಕೇಳಿದಳು. ಈ ಹುಡುಗನ ಗಿಟಾರ ಮರಿ ಅಗಲಿದ ಕುರಿ ಅತ್ತಂಗ ಅಳತೈತಿ, ಆದ್ರ ತಾಳ ಬಿಡಂಗಿಲ್ಲ, ಇವನ್ನ ಇಟಗೋರಿ ಅಂದಳು. ಅರ್ಷದ ಅದನ್ನು ಇಂಗ್ಲಿಷಿಗೆ ಮಾಡಿಸಿ ಪೋಸ್ಟರಿನಲ್ಲಿ ಹಾಕಿದ್ದ.

ವರ್ಲ್ಡ್ ಟೂರ್ ಅಂತ ಗೊತ್ತಾದ ಮೇಲೆ ಹೊಸ ಯೋಚನೆ ತೆಗೆದವನೂ ಅವನೇ. ನಮ್ಮಲ್ಲಿ ಪದ ಸಂಜೆಗೆ ಶುರುವಾದರೆ ಬೆಳಗಿಗೆ ಮಂಗಳ. ಹರದೇಶಿ ಶಿವ ದೊಡ್ಡವನು ಅನ್ನಬೇಕು, ನಾಗೇಶಿ ಶಕ್ತಿ ದೊಡ್ಡವಳು ಅನ್ನಬೇಕು, ಒಬ್ಬರ ಸವಾಲಿಗೆ ಇನ್ನೊಬ್ಬರ ಜವಾಬು. ಅದನ್ನೇ ಇಡೀ ಟೂರಿಗೆ ಹಿಗ್ಗಿಸೋಣ, ದುಬೈನಲ್ಲಿ ಹಾಕಿದ ಸವಾಲಿಗೆ ಸಿಂಗಪುರದಲ್ಲಿ ಜವಾಬು, ಅಲ್ಲಿಯ ಸವಾಲಿಗೆ ಹ್ಯಾಂಬುರ್ಗಿನಲ್ಲಿ ಜವಾಬು, ಟೊರೊಂಟೊದಲ್ಲಿ ಮಂಗಳ, ಜನ ಫೋನಿನಲ್ಲಿ ನಮ್ಮ ಹಿಂದೆ ಬರುತ್ತಾರೆ ಅಂದ. ನಮಗೂ ಚಂದ ಅನ್ನಿಸಿತು. ಅವ್ವನಿಗೆ ಮಾತ್ರ ಅನ್ನಿಸಲಿಲ್ಲ. ಮಂಗಳ ಹಾಡದ ಮಲಗಬಾರದು, ಆ ದಿನದ್ದು ಆ ದಿನ ಮುಗಿಸ್ರಿ, ಸ್ಟೇಜಿನ ಮ್ಯಾಲ ಆಗದಿದ್ರ ಖೋಲ್ಯಾಗ ಕುಂತರ ಒಂದು ನುಡಿ ಅಂದು ಮಲಗ್ರಿ ಅಂದಳು. ನಾವು ಹೂಂ ಅಂದೆವು. ಖೋಲಿಗೆ ಬಂದ ಮೇಲೆ ಕಾಲು ನೋವು, ಹಸಿವು, ನಿದ್ದೆ. ಹಾಡಲಿಲ್ಲ.

ಶುರುವಿನಲ್ಲಿ ಎಷ್ಟು ನಕ್ಕೆವು. ದುಬೈ ವಿಮಾನ ನಿಲ್ದಾಣದಲ್ಲಿ ಭಂಡಾರದ ಪೊಟ್ಟಣ ಹಿಡಿದು ಆ ಅಧಿಕಾರಿ ಮೂಸಿ ನೋಡಿದ, ನಾಲಿಗೆಗೆ ಇಟ್ಟುಕೊಂಡ, ಕಡೆಗೆ ನೀನು ಅವನ ಹಣೆಗೇ ಹಚ್ಚಿ ಕೈಮುಗಿದೆ. ಸಿಂಗಪುರದಲ್ಲಿ ಅರ್ಷದ ನಾವಿಬ್ಬರೂ ಗಂಡ ಹೆಂಡತಿ ಅಂತ ಸ್ಟೇಜಿನ ಮೇಲೆ ಹೇಳಿದಾಗ ಜನ ಸೀಟಿ ಹೊಡೆದರು. ನಾನು ಆವತ್ತು ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿ ಅರ್ಧ ತಾಸು ಮಾತಾಡಿದ್ದೆ. ಕೆಮ್ಮು ಇನ್ನೂ ಹೋಗಿಲ್ಲ ಅಂದಿದ್ದಳು. ಆಡು ಈಯುವ ದಿನ ಬಂತು, ನೀ ಬರೂದರಾಗ ಮರಿ ಕುಣೀತಿರತೈತಿ ಅಂದಿದ್ದಳು. ಅದಾದ ಮೇಲೆ ಅವಳ ದನಿ ನಾನು ಕೇಳಿಲ್ಲ.

ಹ್ಯಾಂಬುರ್ಗಿಗೆ ಬಂದಾಗ ಚಳಿ, ಜಿಟಿಜಿಟಿ. ಡೊಳ್ಳಿನ ಚರ್ಮ ಸಡಿಲಾಗಿ ಒದ್ದೆ ಚಾಪೆ ಬಡಿದಂತೆ ದನಿ ಬರುತ್ತಿತ್ತು. ಇಲ್ಲಿ ಆಗಿದ್ದರೆ ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿ ಕಾಯಿಸುತ್ತಿದ್ದೆವು. ನೀನು ಹೋಟೆಲಿನ ಬಚ್ಚಲಲ್ಲಿ ಪೇಪರಿಗೆ ಬೆಂಕಿ ಇಟ್ಟೆ. ಗಂಟೆ ಹೊಡೆದುಕೊಂಡಿತು, ಇಡೀ ಹೋಟೆಲಿನ ಜನ ಹೊದಿಕೆ ಹೊದ್ದು ರಸ್ತೆಗೆ ಬಂದು ನಿಂತರು. ಸಂಜೆಯ ಕಾರ್ಯಕ್ರಮಕ್ಕೆ ಒಂದು ತಾಸು ಉಳಿದಿತ್ತು. ನನ್ನ ಫೋನ್ ಮೇಲೆ ಖೋಲಿಯಲ್ಲೇ ಉಳಿದಿತ್ತು. ನನಗೆ ನಗು ತಡೆಯಲಾಗದೆ ಬಸುವಿನ ಹೆಗಲು ಹಿಡಿದು ನಿಂತಿದ್ದೆ. ರಸ್ತೆಯ ಆ ಬದಿಗೆ ಒಂದು ಬ್ರೆಡ್ಡಿನ ಅಂಗಡಿ, ಅದರ ಗೋಡೆಗೆ ಮುಖ ಮಾಡಿ ನೀನು ನಿನ್ನ ಫೋನಿನಲ್ಲಿ ಮಾತಾಡುತ್ತಿದ್ದೆ. ನೀನು ತಿರುಗಿ ಬಂದ ಮೇಲೆ ಯಾರು ಅಂತ ನಾನು ಕೇಳಿದೆ. ಅಪ್ಪ, ಕುರಿ ಈದೈತಂತ ಅಂದೆ ನೀನು.

ಆ ಬದಿಯ ಗೋಡೆಯ ಹತ್ತಿರ ನಮ್ಮವ್ವ ಇದ್ದಳು. ಈ ಬದಿಯಲ್ಲಿ ನಾನು ನಗುತ್ತಿದ್ದೆ.

ಇದನ್ನು ನಾನು ತಿಳಿದದ್ದು ಇಲ್ಲಿಗೆ ಬಂದ ಮೇಲೆ, ಚಿಗವ್ವನ ಬಾಯಿಂದ. ಅವ್ವನಿಗೆ ಎದೆ ಹಿಡಿದುಕೊಂಡಿತ್ತು. ಗಾಡಿಗೆ ಹೇಳಿ ಕಳಿಸಿ ದಾರಿ ಕಾಯುತ್ತಿದ್ದರು. ಚಿಗವ್ವ ಮೊದಲು ನನಗೆ ಫೋನ್ ಹಚ್ಚಿದಳು, ನಾನು ಎತ್ತಲಿಲ್ಲ. ಆಮೇಲೆ ನಿನಗೆ ಹಚ್ಚಿದಳು, ಅವ್ವನ ಕಿವಿಗೆ ಫೋನ್ ಇಟ್ಟು ಬಿಸಿನೀರು ತರಲು ಒಳಗೆ ಹೋದಳು. ತಿರುಗಿ ಬಂದಾಗ ಮಾತು ಮುಗಿದಿತ್ತು. ಬಾದಾಮಿಯ ಆಸ್ಪತ್ರೆ ಮುಟ್ಟುವುದರೊಳಗೆ ಅವ್ವ ಹೋದಳು, ಆ ಸುದ್ದಿಯನ್ನೂ ಚಿಗವ್ವ ನಿನಗೇ ಮುಟ್ಟಿಸಿದಳು. ನಿನ್ನ ಫೋನಿನ ಮೇಲೆ ಅವ್ವ ಯಾರ ಜೊತೆಗೂ ಮತ್ತೆ ಮಾತಾಡಲಿಲ್ಲ. ಅಂದರೆ ನಮ್ಮವ್ವನ ಕಡೆಯ ಮಾತು ಇರುವುದು ನಿನ್ನ ಕಿವಿಯಲ್ಲಿ, ಬೇರೆ ಎಲ್ಲಿಯೂ ಇಲ್ಲ.

ಆ ರಾತ್ರಿ ನಾನು ಫೋನ್ ನೋಡದೆ ಮಲಗಿಬಿಟ್ಟಿದ್ದೆ. ಮರುದಿನ ರೋಟರ್ಡ್ಯಾಮಿಗೆ ಹೊರಡುವಾಗ ನನ್ನ ಸಿಮ್ ಕೆಟ್ಟಿದೆ, ಮ್ಯಾನೇಜರ್ ಸರಿ ಮಾಡಿಸಿ ಕೊಡುತ್ತಾನೆ ಅಂತ ನೀನು ಫೋನ್ ಇಸಿದುಕೊಂಡೆ. ಕೊಟ್ಟೆ. ಗಂಡ ಕೇಳಿದರೆ ಕೊಡದೆ ಏನು ಮಾಡಲಿ. ಆವತ್ತಿನಿಂದ ಎಲ್ಲರೂ ನನ್ನ ಜೊತೆ ಮೆತ್ತಗೆ ಮಾತಾಡತೊಡಗಿದರು. ಪುಣೆಯ ಆ ಮ್ಯಾನೇಜರ್, ಯಾವತ್ತೂ ಕೂತಲ್ಲಿಂದ ಏಳದವನು, ನನಗೆ ಕುರ್ಚಿ ಬಿಟ್ಟುಕೊಟ್ಟ. ಹೆಸರಾದ ಹಾಡುಗಾರ್ತಿ ಆಗಿಬಿಟ್ಟೆ ಅಂದುಕೊಂಡೆ. ನನ್ನ ದಡ್ಡತನಕ್ಕೆ ನಾನೇ ಈಗ ಒಲೆಯ ಮುಂದೆ ಕೂತು ನಗುತ್ತೇನೆ, ಚಿಗವ್ವನಿಗೆ ಭಯವಾಗುತ್ತದೆ.

ಬಸುವಿನ ವಿಷಯ. ರೋಟರ್ಡ್ಯಾಮಿನಲ್ಲಿ ಅವನೂ ಅರ್ಷದನೂ ಬಸ್ಸಿನ ಹಿಂದೆ ಕೊರಳಪಟ್ಟಿ ಹಿಡಿದುಕೊಂಡದ್ದು ಡ್ರಮ್ಮಿನ ಸದ್ದು ಹೆಚ್ಚು ಕಡಿಮೆಯ ಜಗಳ ಅಂತ ನೀನು ಹೇಳಿದೆ. ಅವನು ಬ್ಯಾಗು ಹಾಕಿಕೊಂಡು ಬಂದು, ಅಕ್ಕಾ, ನಾ ಊರಿಗೆ ಹೊಂಟೇನಿ, ನೀನೂ ಬಂದುಬಿಡು ಅಂದ. ನಾನು ಅವನಿಗೆ ಏನೇನು ಅಂದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂದೆ. ಉಂಡ ಮನೆಗೆ ಎರಡು ಬಗೆಯುತ್ತೀ ಅಂದೆ. ಅವನು ಬಾಯಿ ತೆರೆದ, ನಿನ್ನ ಕಡೆ ನೋಡಿದ, ಮುಚ್ಚಿದ. ನನ್ನ ಮುಂದೆ ಬಾಯಿ ಬಿಡಬಾರದು ಅಂತ ನೀನು ಅವನಿಂದ ಆಣೆ ಹಾಕಿಸಿಕೊಂಡಿದ್ದೆಯಂತಲ್ಲ, ಅದೂ ಡೊಳ್ಳು ಮುಟ್ಟಿಸಿ. ಬಸು ಅವ್ವನ ಮಣ್ಣಿಗೆ ಸಿಗಲಿಲ್ಲ. ಆದರೂ ಊರು ಮುಟ್ಟಿದವನು ಸೀದಾ ಇಲ್ಲಿಗೆ ಬಂದು ಮಣ್ಣಿನ ಮೇಲೆ ನೀರು ಹಾಕಿ ಹೋಗಿದ್ದಾನೆ. ನಮ್ಮ ಪೈಕಿ ಅಷ್ಟು ಮಾಡಿದವನು ಅವನೊಬ್ಬ.

ಪ್ಯಾರಿಸ್ಸಿನಲ್ಲಿ ಥಿಯೇಟರಿನವರು ಕೈ ಎತ್ತಿದರು. ಬೇರೊಂದು ಸಣ್ಣ ಜಾಗ, ನೆಲಮಾಳಿಗೆ, ಬಸುವಿನ ಬದಲು ಭಾಷೆ ಬಾರದ ಒಬ್ಬ ಡ್ರಮ್ಮಿನವನು. ಹಾಡು ಎಲ್ಲಿ ಬೇಕೋ ಅಲ್ಲಿ ಮುರಿದು ಬಿತ್ತು. ನಾನು ಕುಗ್ಗಿ ಕೂತಿದ್ದೆ. ಆಗ ನೀನು ಬಂದು, ಅವ್ವ ನನ್ನ ಫೋನಿಗೆ ಮಾಡಿದ್ಲು, ನೀ ಹಾಡಾಕತ್ತಿದ್ದಿ, ಪ್ಯಾರಿಸ್‌ನಾಗ ಜ್ವಾಳದ ರೊಟ್ಟಿ ಸಿಗತೈತೇನು ಕೇಳು ಅಂದ್ಲು ಅಂದೆ. ನಾನು ನಕ್ಕೆ. ಅದು ಎಷ್ಟು ಅವಳ ಮಾತಿನ ಹಾಗೆಯೇ ಇತ್ತು ಅಂದರೆ, ಕಣ್ಣು ಮುಚ್ಚಿ ಅವಳ ಬಾಯಲ್ಲಿ ಅದನ್ನು ಇನ್ನೊಮ್ಮೆ ಕೇಳಿಕೊಂಡೆ. ಅವತ್ತು ಅವಳನ್ನು ಮಣ್ಣು ಮಾಡಿ ವಾರವಾಗಿತ್ತು.

ಇದನ್ನು ಹೇಗೆ ಹೇಳಲಿ ನಿನಗೆ. ಸಾವು ಮುಚ್ಚಿಟ್ಟದ್ದು ಒಂದು. ಸತ್ತವಳ ಬಾಯಾಗಿ ಮಾತಾಡಿದ್ದು ಇನ್ನೊಂದು. ನೀನು ಅವಳ ಶಿಷ್ಯ, ಅವಳ ಮಾತಿನ ಒನಪು, ಬೈಗುಳ, ಕೆಮ್ಮಿನ ನಡುವೆ ನಿಲ್ಲಿಸುವ ರೀತಿ ಎಲ್ಲ ನಿನಗೆ ಬರುತ್ತದೆ. ಈಗ ನಾನು ಅವಳನ್ನು ನೆನೆಯಲು ಕೂತರೆ ಅವಳು ಆಡಿದ್ದು ಯಾವುದು, ನೀನು ಕಟ್ಟಿದ್ದು ಯಾವುದು ಗೊತ್ತಾಗುವುದಿಲ್ಲ. ಜೋಳದಲ್ಲಿ ಕಲ್ಲು ಬೆರೆತರೆ ಮೊರದಲ್ಲಿ ಕೇರಬಹುದು. ಇದನ್ನು ಕೇರಲು ಆಗುವುದಿಲ್ಲ.

ಬರ್ಮಿಂಗ್‌ಹ್ಯಾಮಿನಲ್ಲಿ ಕಾರ್ಯಕ್ರಮ ಮುಗಿದು ಜನ ಹೋಗುತ್ತಿದ್ದಾಗ ಇಳಕಲ್ ಸೀರೆ ಉಟ್ಟ ಒಬ್ಬ ಹುಡುಗಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಪ್ರೀತಿ ಅಂತ, ಇಳಕಲ್ಲಿನ ಸೊಸೆ, ಗಂಡ ಅಲ್ಲಿ ಕೆಲಸದಲ್ಲಿದ್ದಾನೆ. ಅವ್ವಾರ ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತ್ರಿ ಅಕ್ಕಾರ, ಅಂಥಾ ದುಃಖದಾಗೂ ಇಷ್ಟ ಚಂದ ಹಾಡಿದ್ರಲ್ರಿ ಅಂದಳು. ಯಾವ ಅವ್ವ ಅಂದೆ. ಅವಳು ಗಾಬರಿಯಾಗಿ ಫೋನ್ ತೆಗೆದು ತೋರಿಸಿದಳು. ನಮ್ಮೂರ ಬಸ್ ನಿಲ್ದಾಣದ ಹತ್ತಿರ ಕಟ್ಟಿದ ಫ್ಲೆಕ್ಸು. ಭಾವಪೂರ್ಣ ಶ್ರದ್ಧಾಂಜಲಿ. ಅವ್ವ ಹಣೆ ತುಂಬ ಭಂಡಾರ ಹಚ್ಚಿಕೊಂಡು ನಗುತ್ತಿದ್ದಳು. ಕೆಳಗೆ ದುಃಖತಪ್ತರ ಸಾಲಿನಲ್ಲಿ ನಮ್ಮ ಟೂರಿನ ಪೋಸ್ಟರಿನಿಂದ ಕತ್ತರಿಸಿದ ನಮ್ಮಿಬ್ಬರ ಮುಖ, ನೀನು ಕರಿ ಕನ್ನಡಕ ಹಾಕಿಕೊಂಡಿದ್ದೆ, ನಾನು ಮೈಕಿನ ಮುಂದೆ ಬಾಯಿ ತೆರೆದಿದ್ದೆ. ನಾನು ಸುದ್ದಿ ಕೇಳುವ ಮೊದಲೇ ನಮ್ಮೂರಿನ ಗಾಳಿಯಲ್ಲಿ ನಿಂತು ದುಃಖಪಡುತ್ತಿದ್ದೆ.

ಆ ಹುಡುಗಿಗೆ ಹೂಂ, ಗೊತ್ತೈತಿ ಅಂದೆ. ಅವಳ ಮನಸ್ಸಿಗೆ ಯಾಕೆ ನೋವು ಮಾಡಲಿ.

ನಿನ್ನನ್ನು ಆವತ್ತೇ ಕೇಳಲಿಲ್ಲ, ನೀನೇ ಹೇಳಲಿ ಅಂತ ಕಾದೆ. ಮರುದಿನ ಬಸ್ಸಿನಲ್ಲಿ ಲಂಡನ್ನಿಗೆ ಹೋಗುವಾಗ ದಾರಿಯುದ್ದಕ್ಕೂ ನಿನ್ನ ಮಗ್ಗುಲಲ್ಲೇ ಕೂತಿದ್ದೆ. ಅವ್ವ ಫೋನ್ ಮಾಡಿದ್ಲೇನ್ರಿ ಅಂತ ನಾನಾಗಿ ಬಾಗಿಲು ತೆರೆದು ಕೊಟ್ಟೆ. ನೀನು ಕಿಟಕಿಯ ಕಡೆ ನೋಡುತ್ತ, ಮಾಡಿದ್ಲು, ಲಂಡನ್ನಾಗ ಚಳಿ ಭಾಳಂತ, ಕಂಬಳಿ ಹೊದ್ಕೊಂಡು ಕುಂದರು ಅಂತ ಹೇಳ್ಯಾಳ ಅಂದೆ. ಕಾಲ ಮೇಲಿದ್ದ ಕಂಬಳಿಯನ್ನು ಕೊರಳತನಕ ಎಳೆದು ನನಗೆ ಹೊದಿಸಿದೆ. ನಾನು ಹೊದ್ದುಕೊಂಡು ಕೂತೆ. ನೀನು ಅದರ ಅಂಚನ್ನು ನನ್ನ ಹೆಗಲ ಕೆಳಗೆ ಮತ್ತೆ ಮತ್ತೆ ಸಿಕ್ಕಿಸುತ್ತಿದ್ದೆ. ಅದನ್ನು ನೋಡಿದೆ, ಆದರೂ ನನ್ನ ಮನಸ್ಸು ಕರಗಲಿಲ್ಲ.

ಆಮೇಲೆ ಲಂಡನ್ನಿನ ಸ್ಟೇಜು. ಕೆಂಪು ದೀಪ, ಹೊಗೆ, ಕುಣಿಯುವ ಜನ. ನನ್ನ ಸವಾಲಿನ ಸರದಿ ಬಂದಾಗ ಕಲಿತದ್ದನ್ನು ಬಿಟ್ಟು ಇದನ್ನು ಹಾಡಿದೆ. ಬರೆದುಕೊಂಡು ಹೋದದ್ದಲ್ಲ, ಬಾಯಿಗೆ ಬಂದದ್ದು.

ಕೇಳೋ ಹರದೇಶಿ, ಕಿವಿಗೊಟ್ಟು ಕೇಳೋ
ಹಡೆದಾಕಿ ಬಾಯಿ ಮುಚ್ಚಿ ಮಣ್ಣಾಗ ಮಲಗ್ಯಾಳೋ
ಮುಚ್ಚೂಕಿಂತ ಮೊದಲ ಕಡೀಮಾತು ಏನಂದಳೋ
ನಿನ್ನ ಮಾತು ತಗದಿಟ್ಟು ಆಕಿ ಮಾತು ಹೇಳೋ

ಅರ್ಷದನ ಕೈ ಗಿಟಾರಿನ ಮೇಲೆ ನಿಂತುಹೋಯಿತು. ಜನ ಅದೂ ಹಾಡಿನ ಭಾಗ ಅಂದುಕೊಂಡು ಚಪ್ಪಾಳೆಯ ತಾಳ ಹಾಕುತ್ತಲೇ ಇದ್ದರು. ಬಾಯಿ ತೆರೆಯುತ್ತೀಯ ಅಂತ ನಿನ್ನ ತುಟಿಯನ್ನೇ ನೋಡಿದೆ. ನೀನು ಡೊಳ್ಳನ್ನು ಕೊರಳಿಂದ ತೆಗೆದು ನೆಲಕ್ಕೆ ಇಟ್ಟೆ, ಕೆಳಗೆ ಕಂಬಳಿ ಕೂಡ ಹಾಸದೆ. ನಾನು ಬರಿಗಾಲಲ್ಲಿ ಸ್ಟೇಜಿನಿಂದ ಇಳಿದೆ. ಅದೇ ಭಂಡಾರ ಬ್ಯಾಂಡಿನ ಕಡೆಯ ಕಾರ್ಯಕ್ರಮ.

ವಿಮಾನ ನಿಲ್ದಾಣಕ್ಕೆ ನೀನು ಹಿಂದೆಯೇ ಬಂದೆ. ಯಾಕೆ ಹೇಳಲಿಲ್ಲ ಅಂತ ನಾನು ಒಂದೇ ಮಾತು ಕೇಳಿದೆ. ಮಂಗಳ ಆಗಿರಲಿಲ್ಲ ಅಂದೆ ನೀನು. ನಾನು ನಿನ್ನ ಮುಖಕ್ಕೆ ಉಗಿದು ಒಳಗೆ ಹೋದೆ. ಕೆಟ್ಟದ್ದಕ್ಕೆ ನೆಪ ಹುಡುಕುತ್ತಿದ್ದೀ ಅಂದುಕೊಂಡೆ.

ಇಲ್ಲಿ ಬಂದು ಕೂತು ಯೋಚಿಸಿದ ಮೇಲೆ ಅದು ನೆಪ ಅಲ್ಲ ಅಂತ ತಿಳಿಯಿತು. ತಿಳಿದ ಮೇಲೆ ನನ್ನ ಕಾಲ ಕೆಳಗಿನ ನೆಲವೇ ಹೋಯಿತು. ಹುನಗುಂದದ ಕಡೆಯ ಹಳ್ಳಿಯಲ್ಲಿ ನಮ್ಮವ್ವನೂ ನಿಮ್ಮಪ್ಪ ಮಾಳಪ್ಪ ಮಾವನೂ ಎದುರಾಬದುರಾ ಪದಕ್ಕೆ ನಿಂತಿದ್ದ ಕತೆ ನಾವಿಬ್ಬರೂ ಎಷ್ಟು ಸಲ ಕೇಳಿದ್ದೇವೆ. ನಡುವೆ ನಮ್ಮಪ್ಪ ಹಾವು ಕಡಿದು ಸತ್ತ ಸುದ್ದಿ ಮಾವನ ಕಿವಿಗೆ ಬಂತು. ಪದಕ್ಕೆ ನಿಂತವರಿಗೆ ಮಂಗಳ ಆಗುವತನಕ ಸಾವಿನ ಸುದ್ದಿ ಹೇಳಬಾರದು, ಕೇಳಿದರೆ ಸೂತಕ ತಗಲುತ್ತದೆ, ಅರ್ಧಕ್ಕೆ ಡೊಳ್ಳು ಇಳಿಸಿದರೆ ಬೀರಪ್ಪ ಮುನಿಯುತ್ತಾನೆ. ಮಾವ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಅವಳ ಸವಾಲಿಗೆಲ್ಲ ಜವಾಬು ಹಾಡಿದ. ಹೊತ್ತು ಮೇಲೆ ಬಂದು ಮಂಗಳ ಆದ ಮೇಲೆ ತನ್ನ ಹಣೆಯ ಭಂಡಾರ ಒರೆಸಿಕೊಂಡು, ಅವಳ ಮುಂದೆ ಕೂತು, ಪದ್ಮವ್ವಾ, ನಿನ್ನ ಗಂಡ ಹೋದ ಅಂದ. ಮಾಳಪ್ಪ ನನಗ ಪೂರಾ ಹಾಡಾಕ ಬಿಟ್ಟ, ಪೂರಾ ಅಳಾಕ ಬಿಟ್ಟ, ಅಂಥಾ ಎದುರು ಪಕ್ಷ ಯಾರಿಗೂ ಸಿಗಂಗಿಲ್ಲ ಅಂತ ಅವ್ವ ಸಾಯುವತನಕ ಹೇಳುತ್ತಿದ್ದಳು.

ನೀನು ಆ ಕತೆಯನ್ನು ನಂಬಿಕೊಂಡು ಬೆಳೆದವನು. ನಿಮ್ಮಪ್ಪ ಒಂದು ಬೆಳಗಿನವರೆಗೆ ಹೊತ್ತದ್ದನ್ನು ನೀನು ದೇಶದಿಂದ ದೇಶಕ್ಕೆ ಹೊತ್ತೆ. ಪದ ಹಿಗ್ಗಿತು, ಅದರ ಜೊತೆ ಪದ್ಧತಿಯೂ ಹಿಗ್ಗಿತು ಅಂತ ನೀನು ಅಂದುಕೊಂಡೆ. ಬೆಳಗು ಅನ್ನುವುದು ಇದ್ದದ್ದಕ್ಕೇ ಆ ಪದ್ಧತಿ ನಡೆಯುತ್ತಿತ್ತು, ಬೀರೇಶ. ನಮ್ಮ ಪದಕ್ಕೆ ಬೆಳಗೇ ಇರಲಿಲ್ಲ. ಹೆಸರಿನ ಆಸೆಗೆ ಮುಚ್ಚಿಟ್ಟಿದ್ದರೆ ನಾಲ್ಕು ಜನರ ಮುಂದೆ ನಿನ್ನನ್ನು ಬೈದು, ಮದುವೆ ಬಿಡಿಸಿಕೊಳ್ಳುವ ಸೋಡಚೀಟಿ ಬರೆಸಿ, ನನ್ನ ಪಾಡಿಗೆ ನಾನು ಇರುತ್ತಿದ್ದೆ. ನೀನು ನನಗೆ ಮರ್ಯಾದೆ ಕೊಡುತ್ತಿದ್ದೇನೆ ಅಂತ ತಿಳಿದು ಮಾಡಿದೆ. ನಿನ್ನನ್ನು ದ್ವೇಷ ಮಾಡಲಿಕ್ಕೂ ನನಗೆ ದಾರಿ ಇಲ್ಲದ ಹಾಗಾಗಿದೆ.

ನಾನು ಮಾಡಿದ್ದೂ ಪದ್ಧತಿ ತಪ್ಪಿದ್ದೇ. ತನಗೆ ಉತ್ತರ ಗೊತ್ತಿಲ್ಲದ ಸವಾಲನ್ನು ಎದುರಿನವರಿಗೆ ಹಾಕಬಾರದು, ಹಾಕಿದವರು ಸೋತ ಹಾಗೆ. ಅದನ್ನೂ ಅವ್ವನೇ ಹೇಳಿಕೊಟ್ಟಿದ್ದಳು. ಆದರೂ ಬೇರೆ ಏನು ಕೇಳಲಿ. ನೀರು ಕೇಳಿದಳೇ, ನನ್ನನ್ನು ಕೇಳಿದಳೇ. ಅಂಜನಾನ ಕೈಯಾಗ ಫೋನ್ ಕೊಡು ಅಂದಳೇ, ನಾನು ರಸ್ತೆಯ ಈ ಬದಿಗೆ ನಗುತ್ತಿದ್ದದ್ದು ಅವಳಿಗೆ ಕೇಳಿಸಿತೇ. ಅವಳ ಹಾಸಿಗೆಯಲ್ಲಿ ಮಲಗುತ್ತೇನೆ, ಅವಳ ಸೀರೆಯನ್ನೇ ಹೊದೆಯುತ್ತೇನೆ, ಯಾವುದೂ ಹೇಳುವುದಿಲ್ಲ. ಹಾಡಲು ಬಾಯಿ ತೆರೆದರೆ ಬರೀ ಉಸಿರು ಬರುತ್ತದೆ. ಅಳುವೂ ಅಷ್ಟೇ. ಅಳವಾ, ಅತ್ತರ ಹಗುರಾಗತೈತಿ ಅಂತಾಳೆ ಚಿಗವ್ವ. ಬರುವುದಿಲ್ಲ. ಹೀಗೆಯೇ ಇದ್ದು ಒಂದು ದಿನ ನಾನೂ ಮುಗಿದು ಹೋಗುತ್ತೇನೆ ಅನ್ನಿಸುತ್ತದೆ, ಅದರಿಂದ ಭಯವೂ ಆಗುವುದಿಲ್ಲ.

ಹಾಗಾಗಿ ಟೊರೊಂಟೊಕ್ಕೆ ನಾನು ಬರುವುದಿಲ್ಲ. ನಮ್ಮವ್ವನ ಕಡೆಯ ಮಾತನ್ನು ಟಿಕೀಟು ಕೊಂಡ ಜನರ ಜೊತೆ ಕೂತು ಕೇಳುವುದಿಲ್ಲ. ಅದರ ಕೆಳಗೆ ಇಂಗ್ಲಿಷ್ ಅಕ್ಷರ ಓಡುವುದು ಬೇಡ. ಮಂಗಳ ಆಗದೆ ನೀನು ಹೇಳುವುದಿಲ್ಲ, ಸ್ಟೇಜಿನ ಮೇಲೆ ನಾನು ಮಂಗಳ ಹಾಡುವುದಿಲ್ಲ. ಇನ್ನು ಇದು ಹೀಗೇ. ಆ ಮಾತು ನಿನ್ನ ಜೊತೆಗೇ ಇರಲಿ, ಜ್ವರದಲ್ಲಿ ಕನವರಿಸಿಯಾದರೂ ಯಾರ ಮುಂದೆಯೂ ಆಡಬೇಡ. ಬಸುವಿನ ಮೇಲೆ ಹಾಕಿದ ಆಣೆಯನ್ನು ಮಾತ್ರ ಬಿಡಿಸು, ಅವನು ಡ್ರಮ್ಸ್ ಮುಟ್ಟುತ್ತಿಲ್ಲವಂತೆ. ಊಟ ಸರಿಯಾಗಿ ಮಾಡು, ನೀನು ಬಡವಾಗಿದ್ದೀ ಅಂತ ಅರ್ಷದ ಹೇಳಿದ.

ನಿನ್ನ ಎದುರು ಪಕ್ಷದ
ಅಂಜನಾ ಪದ್ಮವ್ವ

ತಾಜಾಕಲಂ: ಕಾಗದ ಮಡಿಚಿ ಅರ್ಷದನಿಗೆ ಕೊಟ್ಟಿದ್ದೆ, ಮತ್ತೆ ಇಸಿದುಕೊಂಡು ಬರೆಯುತ್ತಿದ್ದೇನೆ. ಅವನು ಹೊರಡುವ ಮೊದಲು ಅವ್ವನಿಗೆ ಕೈಮುಗಿದು ಹೋಗುತ್ತೇನೆ ಅಂದ. ಹೊಲದ ಬದುವಿನಲ್ಲಿ ಅವಳನ್ನು ಮಲಗಿಸಿದ ಜಾಗಕ್ಕೆ ಮೂವರೂ ಹೋದೆವು. ಅವನು ಬೂಟು ದೂರದಲ್ಲೇ ಬಿಚ್ಚಿಟ್ಟು ಬಂದು ಬಿಸಿಲಿಗೆ ಕಾದ ಮಣ್ಣಿನ ಹೆಂಟೆಗಳ ಮೇಲೆ ನಿಂತ. ಹಣೆಗೆ ಭಂಡಾರ ಹಚ್ಚಿಕೊಂಡು ನಾನು ಮಂಗಳ ಎತ್ತಿದೆ. ಹೇಗೆ ಬಾಯಿ ಬಂತೋ ಗೊತ್ತಿಲ್ಲ. ಡೊಳ್ಳಿಲ್ಲ, ಚಿಗವ್ವ ಚಪ್ಪಾಳೆ ತಟ್ಟಿದಳು. ಹರದೇಶಿಯ ನುಡಿ ಬಂದಾಗ ಅದನ್ನೂ ನಾನೇ ಹಾಡಿದೆ, ನಿಮ್ಮ ದನಿಯಷ್ಟು ಕೆಳಗೆ ಇಳಿಸಿ. ಸವಾಲಿನಲ್ಲಿ ಸೋತೆ ಅಂತ ಅವಳ ಮುಂದೆಯೇ ಒಪ್ಪಿಕೊಂಡೆ. ಹಣೆ ಒರೆಸಿಕೊಂಡೆ.

ಮಂಗಳ ಆಯಿತು ರೀ. ಇನ್ನು ನೀವು ಬಾಯಿ ಬಿಡಬಹುದು. ಫೋನ್ ಮಾಡಬೇಡಿ, ಯಾರ ಕೈಯಲ್ಲೂ ಹೇಳಿ ಕಳಿಸಬೇಡಿ. ಮಾವ ಕೂತ ಹಾಗೆ ನನ್ನ ಮುಂದೆ ಬಂದು ಕೂತು, ಅಂಜನಾ, ನಿನ್ನ ಅವ್ವ ಹೋದಳು ಅಂತ ಹೇಳಿ. ಅದನ್ನು ನನಗೆ ಇದುವರೆಗೆ ಯಾರೂ ಹೇಳಿಲ್ಲ.